ದೇವರ ಕೈ, ಮನುಷ್ಯರ ಕೈ: ವೆನೆತ್‌ನ ಕಾಲವೃತ್ತಾಂತದಲ್ಲಿ ಕ್ಷಾಮ, ಮಹಾಮಾರಿ ಮತ್ತು ಯುದ್ಧ

ಸಂತರ ಪ್ರಾರ್ಥನಾಮಾಲೆಯ ಹಳೆಯ ಲತೀನ್ ರೂಪದಲ್ಲಿ ಮಹಾಮಾರಿ, ಕ್ಷಾಮ, ಯುದ್ಧ ಎಂಬ ಮೂರು ವಿಪತ್ತುಗಳಿಂದ ಬಿಡುಗಡೆಯನ್ನು ಬೇಡುವ ಒಂದೇ ಬಿನ್ನಹವಿದೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುವುದು ರೂಢಿ. ಪವಿತ್ರ ಗ್ರಂಥವಾದರೋ ಇವನ್ನು ಇಷ್ಟು ಸುಲಭವಾಗಿ ಬೆರೆಸುವುದಿಲ್ಲ. ಸಮುವೇಲನ ಎರಡನೆಯ ಗ್ರಂಥದ ಕಡೆಯ ಅಧ್ಯಾಯದಲ್ಲಿ, ಜನಗಣತಿಯ ಪಾಪಕ್ಕಾಗಿ ಪ್ರವಾದಿ ಗಾದನು ದಾವೀದನ ಮುಂದೆ ಇವೇ ಮೂರನ್ನು ಇಟ್ಟು ಒಂದನ್ನು ಆರಿಸಿಕೊಳ್ಳುವಂತೆ ಹೇಳುತ್ತಾನೆ: ವರ್ಷಗಟ್ಟಲೆ ಬರಗಾಲ, ಮೂರು ತಿಂಗಳು ಶತ್ರುಗಳ ಬೆನ್ನಟ್ಟುವಿಕೆ, ಇಲ್ಲವೆ ಮೂರು ದಿನ ವ್ಯಾಧಿ. ಮನುಷ್ಯರ ಕೈಗೆ ಸಿಕ್ಕುವುದಕ್ಕಿಂತ ಕರುಣಾಳುವಾದ ದೇವರ ಕೈಗೆ ಬೀಳುವುದೇ ಲೇಸೆಂಬುದು ದಾವೀದನ ಉತ್ತರ. ಸಾವು ಸಾವೇ ಆದರೂ ಅದು ಯಾವ ಕೈಯಿಂದ ಬಂದಿತೆಂಬುದು ವಿಶ್ವಾಸಿಗೆ ಬೇರೆ ಬೇರೆ ಅರ್ಥವನ್ನು ಕೊಡುತ್ತದೆಂಬ ಅರಿವು ಆ ಉತ್ತರದಲ್ಲಿದೆ. ಹದಿನಾಲ್ಕನೆಯ ಶತಮಾನದ ಒಂದು ಕೃತಿಯನ್ನು ನಾವಿಲ್ಲಿ ಇದೇ ಅಳತೆಗೋಲಿನಿಂದ ಪರಿಶೀಲಿಸಬಯಸುತ್ತೇವೆ.

ಕೃತಿ ಫ್ರಾನ್ಸಿನ ಒಬ್ಬ ಕಾರ್ಮೆಲ್ ಮಠವಾಸಿಯು ಲತೀನ್ ಭಾಷೆಯಲ್ಲಿ ಬರೆದ ಕಾಲವೃತ್ತಾಂತ. ಅದು 1340ರಿಂದ 1368ರವರೆಗಿನ ಸಂಗತಿಗಳನ್ನು ಒಳಗೊಂಡಿದೆ. ಇದನ್ನು ಬಹುಕಾಲದಿಂದ ಜಾನ್ ದ ವೆನೆತ್ ಎಂಬ ಕಾರ್ಮೆಲ್ ಪ್ರಾಂತ್ಯಾಧಿಕಾರಿಯ ಹೆಸರಿನಲ್ಲಿ ಕರೆಯುತ್ತ ಬರಲಾಗಿದೆ. ಈ ಕರ್ತೃತ್ವವನ್ನು ಇತ್ತೀಚಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ನಮ್ಮ ವಿಚಾರಕ್ಕೆ ಅದರಿಂದ ಬಾಧಕವಿಲ್ಲವಾದ್ದರಿಂದ ರೂಢಿಯ ಹೆಸರನ್ನೇ ಬಳಸುತ್ತೇವೆ. ಬರೆದವನು ಕೊಂಪಿಯೆನ್ ಪಟ್ಟಣದ ಬಳಿಯ ವೆನೆತ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು, ರೈತರ ನಾಡಿನವನು, ಪ್ಯಾರಿಸ್ಸಿನ ಬೀದಿಗಳನ್ನು ಬಲ್ಲವನು. 1953ರಲ್ಲಿ ಇಂಗ್ಲಿಷ್ ಅನುವಾದ ಪ್ರಕಟವಾದಂದಿನಿಂದ ಇತಿಹಾಸಕಾರರು ಇವನನ್ನು ಧಾರಾಳವಾಗಿ ಉಪಯೋಗಿಸಿಕೊಂಡಿದ್ದಾರೆ. ಬಾರ್ಬರಾ ಟಕ್ಮನ್ 1978ರಲ್ಲಿ ಬರೆದ ಜನಪ್ರಿಯ ಗ್ರಂಥದಲ್ಲಿಯೂ ಇವನ ಮಾತುಗಳು ಬರುತ್ತವೆ. ಆದರೆ ಇಂಥ ಬಳಕೆಯಲ್ಲಿ ಅವನು ಬಹುಮಟ್ಟಿಗೆ ದೃಶ್ಯಗಳನ್ನು ಒದಗಿಸುವ ಸಾಕ್ಷಿಯಾಗಿಯೇ ಉಳಿಯುತ್ತಾನೆ. ಅವನೊಬ್ಬ ಯಾಜಕ, ವಿಪತ್ತಿನಲ್ಲಿ ದೇವರನ್ನು ಹೇಗೆ ಹೆಸರಿಸಬೇಕೆಂಬುದು ಅವನಿಗೆ ವೃತ್ತಿಯ ಪ್ರಶ್ನೆಯೂ ಆಗಿತ್ತು.

ಕ್ಷಾಮದ ವಿಷಯವನ್ನು ಅವನು ಬೇಗ ಮುಗಿಸುತ್ತಾನೆ. 1315ರಲ್ಲಿ ಆರಂಭವಾದ ಆ ಮಹಾಕ್ಷಾಮವನ್ನು ಅವನು ಏಳೆಂಟು ವರ್ಷದ ಬಾಲಕನಾಗಿ ಕಂಡವನು. ಆದರೆ ಗ್ರಂಥದ ಆದಿಯಲ್ಲಿ ಅದು ಬರುವುದು, ಮುಂಚಿತವಾಗಿ ಕೇಳಿಬಂದಿದ್ದ ಒಂದು ಭವಿಷ್ಯವಾಣಿ ನೆರವೇರಿತೆಂಬುದಕ್ಕೆ ರುಜುವಾತಾಗಿ ಮಾತ್ರ. ಹೇಳಿದ ವರ್ಷವೇ ಬರ ಬಂತು, ಆದ್ದರಿಂದ ಉಳಿದ ಮಾತುಗಳನ್ನೂ ನಂಬಬೇಕು ಎನ್ನುವುದು ಅವನ ತರ್ಕ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೃತಿಯಲ್ಲಿ ಅತ್ಯಂತ ದುರ್ಬಲವಾದ ಭಾಗ ಇದು. ಆ ವರ್ಷ ಉತ್ತರ ಯುರೋಪಿನಲ್ಲಿ ಎಡೆಬಿಡದೆ ಮಳೆ ಸುರಿದು ಬೆಳೆ ಕೊಳೆತದ್ದು ನಿಜ. ಆ ಮಳೆಯನ್ನು ಯಾರೂ ಸುರಿಸಲಿಲ್ಲ. ಆದರೆ ಅದೇ ಬೇಸಿಗೆಯಲ್ಲಿ ಹತ್ತನೆಯ ಲೂಯಿ ದೊರೆ ಫ್ಲಾಂಡರ್ಸಿನ ಮೇಲೆ ದಂಡೆತ್ತಿ ಹೋಗಿದ್ದನು, ಅಲ್ಲಿಗೆ ಧಾನ್ಯ ಸಾಗಿಸುವುದನ್ನು ನಿಷೇಧಿಸಿದ್ದನು, ಕಡೆಗೆ ಅವನ ದಂಡು ಕೆಸರಿನಲ್ಲಿ ಹೂತು ಹಿಂದಿರುಗಿತು. ಮರುವರ್ಷ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಫ್ಲಾಂಡರ್ಸಿನ ಈಪ್ರ ಎಂಬ ಒಂದೇ ನಗರ ಸುಮಾರು 2,800 ಹೆಣಗಳನ್ನು ತನ್ನ ಖರ್ಚಿನಲ್ಲಿ ಹೂಳಿಸಿತು. ಆಕಾಶದ ಮಳೆಯೂ ಅರಮನೆಯ ಅಪ್ಪಣೆಯೂ ಬೆರೆತು ಹೋಗಿರುವ ಇಂಥ ಕಡೆಯಲ್ಲಿ ಭವಿಷ್ಯವಾಣಿಯನ್ನು ನೆಚ್ಚಿಕೊಳ್ಳುವುದೆಂದರೆ ಪ್ರಶ್ನೆಯನ್ನೇ ಕೈಬಿಟ್ಟಂತೆ.

ಮಹಾಮಾರಿಯ ಭಾಗದಲ್ಲಿ ಬರಹಗಾರನ ಕಣ್ಣು ತೆರೆಯುತ್ತದೆ. 1347ರ ಕೊನೆಗೆ ಮಾರ್ಸೆಯ್ ಬಂದರಿಗೆ ಬಂದ ವ್ಯಾಧಿ 1348ರ ಬೇಸಿಗೆಯ ಹೊತ್ತಿಗೆ ಪ್ಯಾರಿಸ್ಸನ್ನು ಮುಟ್ಟಿತು. ಸಂಜೆಯ ಪ್ರಾರ್ಥನೆಯಾದ ಮೇಲೆ ಪಡುವಣದಲ್ಲಿ ಕಂಡ ಒಂದು ದೊಡ್ಡ ನಕ್ಷತ್ರವನ್ನು ಅವನು ದಾಖಲಿಸುತ್ತಾನೆ. ಅದು ಬರಲಿರುವ ಸಾವಿನ ಸೂಚನೆಯೋ ಏನೋ ಎಂಬುದನ್ನು ಖಗೋಳಜ್ಞರಿಗೆ ಬಿಡುತ್ತಾನೆ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯದ ವೈದ್ಯಪಂಡಿತರು 1345ರ ಮಾರ್ಚ್ ತಿಂಗಳ ಶನಿ, ಗುರು, ಕುಜ ಗ್ರಹಗಳ ಯೋಗವೇ ಇದಕ್ಕೆ ಮೂಲವೆಂದು ದೊರೆಗೆ ವರದಿ ಸಲ್ಲಿಸಿದರು. ಅದರ ಮುಂದೆ ಈ ಮಠವಾಸಿಯ ಹಿಂಜರಿಕೆಯೇ ಹೆಚ್ಚು ವಿವೇಕದ್ದಾಗಿ ತೋರುತ್ತದೆ. ಓತೆಲ್-ದ್ಯೂ ಆಸ್ಪತ್ರೆಯಿಂದ ದಿನಕ್ಕೆ ಐನೂರಕ್ಕೂ ಹೆಚ್ಚು ಹೆಣಗಳು ನಿರಪರಾಧಿ ಶಿಶುಗಳ ಸ್ಮಶಾನಕ್ಕೆ ಹೋದವೆಂದು ಅವನು ಬರೆಯುತ್ತಾನೆ. ಮಧ್ಯಯುಗದ ಲೇಖಕರ ಲೆಕ್ಕಗಳನ್ನು ಅಕ್ಷರಶಃ ಹಿಡಿಯಬಾರದು. ಆದರೆ ಎಣಿಕೆ ತಪ್ಪುವಷ್ಟು ಹೆಣಗಳಿದ್ದವೆಂಬುದರಲ್ಲಿ ಸಂದೇಹವಿಲ್ಲ.

ಗುರುಮಠದ ವಿದ್ಯಾರ್ಥಿಗಳು ಇಲ್ಲಿ ತಡೆದು ಓದಬೇಕಾದ ಎರಡು ವಾಕ್ಯಗಳಿವೆ. ಮೊದಲನೆಯದರಲ್ಲಿ ಅವನು, ಅನೇಕ ಊರುಗಳಲ್ಲಿ ಅಳ್ಳೆದೆಯ ಗುರುಗಳು ಹಿಂದೆ ಸರಿದು, ಸಂಸ್ಕಾರಗಳನ್ನು ನೀಡುವ ಕೆಲಸವನ್ನು ಹೆಚ್ಚು ಧೈರ್ಯವುಳ್ಳ ಮಠವಾಸಿಗಳಿಗೆ ಬಿಟ್ಟರೆಂದು ಹೇಳುತ್ತಾನೆ. ಎರಡನೆಯದರಲ್ಲಿ ಓತೆಲ್-ದ್ಯೂವಿನ ಧರ್ಮಭಗಿನಿಯರು ಸಾವಿಗೆ ಅಂಜದೆ, ಮಾನಮರ್ಯಾದೆಯನ್ನು ಲೆಕ್ಕಿಸದೆ, ವಿನಯದಿಂದ ರೋಗಿಗಳ ಶುಶ್ರೂಷೆ ಮಾಡಿದರೆಂದೂ, ಸತ್ತವರ ಸ್ಥಾನಕ್ಕೆ ಮತ್ತೆ ಮತ್ತೆ ಹೊಸಬರು ಬಂದರೆಂದೂ ಹೇಳುತ್ತಾನೆ. ಎರಡನೆಯ ಮಾತನ್ನು ನಾವು ಹಾಗೆಯೇ ಸ್ವೀಕರಿಸುತ್ತೇವೆ. ಮೊದಲನೆಯದನ್ನು ಸ್ವಲ್ಪ ಸೋಸಬೇಕು. ಬರೆಯುವವನು ಕಾರ್ಮೆಲ್ ಸಭೆಯವನು. ಧರ್ಮಕೇಂದ್ರದ ಗುರುಗಳಿಗೂ ಭಿಕ್ಷಾಟನೆಯ ಮಠಸಭೆಗಳಿಗೂ ಪಾಪನಿವೇದನೆ ಕೇಳುವ ಹಕ್ಕಿನ ಬಗ್ಗೆ, ಶವಸಂಸ್ಕಾರದ ಕಾಣಿಕೆಯ ಬಗ್ಗೆ ಒಂದು ಶತಮಾನದಿಂದ ಜಗಳ ನಡೆದಿತ್ತು. ಹೇಡಿಗಳು ಅವರು, ಧೀರರು ನಾವು ಎಂಬ ಧ್ವನಿಯಲ್ಲಿ ಆ ಜಗಳದ ನೆನಪಿಲ್ಲವೆನ್ನಲಾಗದು. ಇಂಗ್ಲೆಂಡಿನ ಧರ್ಮಾಧ್ಯಕ್ಷರ ದಫ್ತರಗಳನ್ನು ಪರಿಶೀಲಿಸಿದ ಇತಿಹಾಸಕಾರರು ಅಲ್ಲಿನ ಧರ್ಮಕೇಂದ್ರಗಳ ಗುರುಗಳಲ್ಲಿ ಶೇಕಡಾ 40ರಿಂದ 50ರಷ್ಟು ಮಂದಿ ಆ ಒಂದು ಮಾರಿಯಲ್ಲಿಯೇ ಸತ್ತರೆಂದು ಲೆಕ್ಕ ಹಾಕಿದ್ದಾರೆ. ಸತ್ತವರೆಲ್ಲರೂ ರೋಗಿಯ ಹಾಸಿಗೆಯ ಬಳಿಯೇ ರೋಗ ತಗುಲಿಸಿಕೊಂಡರೆಂದು ಇದರಿಂದ ಸಿದ್ಧವಾಗದು. ಎಲ್ಲರೂ ಓಡಿಹೋದರೆಂಬ ಮಾತಂತೂ ಈ ಅಂಕಿಯ ಮುಂದೆ ನಿಲ್ಲಲಾರದು.

ಮಹಾಮಾರಿಯ ಕಾರಣವನ್ನು ಕುರಿತು ವೆನೆತ್ ಏನು ಹೇಳುತ್ತಾನೆ? ಈ ಸ್ಥಳ ಸೂಕ್ಷ್ಮವಾದುದು. ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂಬ ಸುದ್ದಿ ಹಬ್ಬಿತ್ತು. ಅದನ್ನು ದಾಖಲಿಸಿ ಅವನು ಒಂದು ಮಾತನ್ನು ಸೇರಿಸುತ್ತಾನೆ: ಅಂಥ ವಿಷಪ್ರಯೋಗ ನಡೆದಿದ್ದರೂ ಇಷ್ಟು ದೊಡ್ಡ ಮಾರಿಗೆ ಅದು ಕಾರಣವಾಗಲಾರದು, ದೇವರ ಸಂಕಲ್ಪ, ದೇಹದ ಕೆಟ್ಟ ರಸಗಳು, ಗಾಳಿ ಮತ್ತು ನೆಲದ ದೋಷ ಮುಂತಾದ ಬೇರೆ ಕಾರಣಗಳಿರಬೇಕು. ಆಮೇಲೆ ಜರ್ಮನಿಯಲ್ಲಿ ಯೆಹೂದ್ಯರನ್ನು ಸುಟ್ಟದ್ದನ್ನೂ, ಮಕ್ಕಳಿಗೆ ಬಲವಂತದ ಜ್ಞಾನಸ್ನಾನವಾದೀತೆಂಬ ಭಯದಿಂದ ತಾಯಂದಿರು ಅವರನ್ನು ಮೊದಲು ಬೆಂಕಿಗೆ ಹಾಕಿ ತಾವೂ ಹಾರಿದ್ದನ್ನೂ ವರ್ಣಿಸುತ್ತಾನೆ. ಅವರ ಸ್ಥೈರ್ಯಕ್ಕೆ ಬೆರಗಾಗುತ್ತಾನೆ. ಅದನ್ನು ಮೂಢತನವೆಂದೂ ಹಳಿಯುತ್ತಾನೆ. ಅನ್ಯಾಯ ನಡೆಯಿತೆಂಬ ಮಾತು ಮಾತ್ರ ಅವನ ಲೇಖನಿಯಿಂದ ಬರುವುದಿಲ್ಲ. ತರ್ಕದಲ್ಲಿ ಅವರನ್ನು ನಿರ್ದೋಷಿಗಳೆಂದು ತೋರಿಸಿದವನು ಮನಸ್ಸಿನಲ್ಲಿ ಹಾಗೆ ಒಪ್ಪಲಾರದೆ ಹೋದನು.

ಇಲ್ಲಿಯೇ ನಮ್ಮ ಕಾಲದ ಒಂದು ಸುಲಭ ತೀರ್ಮಾನವನ್ನು ಪ್ರಶ್ನಿಸಬೇಕಾಗುತ್ತದೆ. ದೈವಕೋಪದ ಬೋಧನೆ ಕ್ರೂರವಾದುದು, ಮಾನವ ಕಾರಣಗಳನ್ನು ಹುಡುಕುವುದು ವಿವೇಕ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಪರೀಕ್ಷೆಯಲ್ಲಿ ಬರೆಯುತ್ತಾರೆ. 1348ರಲ್ಲಿ ನಡೆದುದು ಇದಕ್ಕೆ ವಿರುದ್ಧ. ಮನುಷ್ಯರ ಕೈಯನ್ನು ಹುಡುಕಿದವರು ಯೆಹೂದ್ಯರನ್ನು ಕೊಂದರು. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ಯೆಹೂದ್ಯರನ್ನು ಅವರದೇ ಸ್ಮಶಾನದಲ್ಲಿ ಸುಟ್ಟಾಗ ಮಾರಿ ಆ ನಗರಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಅವರಿಗೆ ಸಲ್ಲಬೇಕಾಗಿದ್ದ ಸಾಲಗಳು ಮಾತ್ರ ರದ್ದಾದವು. ಇತ್ತ ಆವಿನ್ಯೋನಿನಲ್ಲಿ ಆರನೆಯ ಕ್ಲೆಮೆಂಟ್ ಜಗದ್ಗುರುಗಳು 1348ರ ಸೆಪ್ಟೆಂಬರ್ 26ರ ಶಾಸನದಲ್ಲಿ ವಾದಿಸಿದ್ದೇನು? ಕ್ರೈಸ್ತರ ಪಾಪಗಳಿಂದ ಕೆರಳಿದ ದೇವರು ಈ ಮಾರಿಯಿಂದ ಕ್ರೈಸ್ತ ಜನಾಂಗವನ್ನು ದಂಡಿಸುತ್ತಿದ್ದಾರೆ. ಯೆಹೂದ್ಯರೂ ಇದರಿಂದ ಸಾಯುತ್ತಿದ್ದಾರೆ. ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ಇದು ಹಬ್ಬಿದೆ. ಆದ್ದರಿಂದ ಅವರನ್ನು ದೂರುವುದು ಸಲ್ಲದು. ದೈವಕೋಪದ ಬೋಧನೆಯೇ ಇಲ್ಲಿ ನಿರಪರಾಧಿಗಳಿಗೆ ಗುರಾಣಿಯಾಗಿದೆ. ಆ ಕೋಪವನ್ನು ಜಗದ್ಗುರುಗಳು ತಮ್ಮ ಜನರ ಕಡೆಗೆ ತಿರುಗಿಸಿ ಹಿಡಿದರು, ನೆರೆಯವರ ಕಡೆಗಲ್ಲ ಎಂಬುದೇ ಮುಖ್ಯ ಸಂಗತಿ. ಶಾಸನ ಎಲ್ಲ ಕಡೆಯೂ ಫಲಿಸಲಿಲ್ಲವೆಂಬುದು ಬೇರೆ ಮಾತು.

ಪ್ರಸಂಗವಶಾತ್ ಒಂದು ವಿಷಯ. ಈ ಮಹಾಮಾರಿಯ ಅತ್ಯಂತ ಹಳೆಯ ಜೈವಿಕ ಸಾಕ್ಷ್ಯವನ್ನು 2022ರಲ್ಲಿ ವಿಜ್ಞಾನಿಗಳು ಗುರುತಿಸಿದ್ದು ಇಂದಿನ ಕಿರ್ಗಿಸ್ತಾನದ ಇಸಿಕ್-ಕುಲ್ ಸರೋವರದ ಬಳಿಯ ಸಮಾಧಿಗಳಲ್ಲಿ. 1338–39ರಲ್ಲಿ ಸತ್ತ ಅವರು ಪೂರ್ವ ಸಿರಿಯಾಕ್ ಪರಂಪರೆಯ ಕ್ರೈಸ್ತರಾಗಿದ್ದು, ಅವರ ಸಮಾಧಿಕಲ್ಲುಗಳ ಮೇಲೆ ಸಿರಿಯಾಕ್ ಲಿಪಿಯಲ್ಲಿ ಮಾರಿಯಿಂದ ಸತ್ತರೆಂದು ಬರೆದಿದೆ. ಪಶ್ಚಿಮದ ದೊರೆಗಳ ದುರಾಚಾರಕ್ಕಾಗಿಯೇ ಮಾರಿ ಬಂತೆಂದು ಬೋಧಿಸಿದವರಿಗೆ ಈ ಸೋದರರ ಸುದ್ದಿಯೇ ತಿಳಿದಿರಲಿಲ್ಲ.

ಇನ್ನು ಯುದ್ಧ. 1337ರಲ್ಲಿ ಆರಂಭವಾಗಿ 1453ರವರೆಗೆ ಎಳೆದ ಆ ಕದನದಲ್ಲಿ ವೆನೆತ್ ಕಂಡದ್ದು ಮೊದಲ ಮೂರು ದಶಕಗಳನ್ನು ಮಾತ್ರ. ಆದರೂ ಅವನ ಗ್ರಂಥದ ಅತ್ಯುತ್ತಮ ಪುಟಗಳು ಇಲ್ಲಿಯೇ ಇವೆ. 1356ರ ಸೆಪ್ಟೆಂಬರಿನಲ್ಲಿ ಪ್ವಾತಿಯೆಯ ಬಳಿ ಫ್ರಾನ್ಸಿನ ದೊರೆ ಸೆರೆಯಾದ ಮೇಲೆ ಕೆಲಸ ತಪ್ಪಿದ ಸೈನಿಕರ ತಂಡಗಳು ಹಳ್ಳಿಗಳನ್ನು ಸುಲಿಯತೊಡಗಿದವು. ಕುಲೀನರು ರೈತರಿಂದ ಕಂದಾಯ ಕಿತ್ತು ಮುತ್ತುರತ್ನಗಳನ್ನು ಧರಿಸಿದರು, ಪಗಡೆಯಾಡಿದರು, ಆ ರೈತರನ್ನೇ ಹೀಗಳೆಯುವ ಅಡ್ಡಹೆಸರಿನಿಂದ ಕರೆದರು. ಅವರನ್ನು ಕಾಯುವ ಕೆಲಸವನ್ನು ಮಾತ್ರ ಮಾಡಲಿಲ್ಲ. ಹಳ್ಳಿಗರು ಇಗರ್ಜಿಗಳ ಸುತ್ತ ಕಂದಕ ತೋಡಿ, ಗೋಪುರಗಳಿಗೆ ಹಲಗೆ ಬಡಿದು, ಕಲ್ಲುಗಳನ್ನೂ ಬಿಲ್ಲುಗಳನ್ನೂ ಪೇರಿಸಿ ಕೋಟೆ ಮಾಡಿಕೊಂಡರು. ಹುಡುಗರು ಗೋಪುರದ ತುದಿಯಲ್ಲಿ ಕಾವಲು ಕುಳಿತರು. ಲ್ವಾರ್ ನದಿಯ ದಡದವರು ರಾತ್ರಿಗಳನ್ನು ನಡುಗಡ್ಡೆಗಳಲ್ಲಿ, ದೋಣಿಗಳಲ್ಲಿ ಕಳೆದರು. ಅವನು ಹುಟ್ಟಿದ ವೆನೆತ್ ಹಳ್ಳಿಯೂ ಬೆಂದುಹೋಯಿತು. ದ್ರಾಕ್ಷಿ ಬಳ್ಳಿಗಳನ್ನು ಸವರುವವರಿಲ್ಲ, ಉಳುವವರಿಲ್ಲ, ಕೊಟ್ಟಿಗೆಯಲ್ಲಿ ಕರುವಿನ ದನಿಯಿಲ್ಲ. ಎಲ್ಲೆಲ್ಲೂ ತುರಿಕೆಗಿಡ, ಮುಳ್ಳುಗಿಡ. ಇಗರ್ಜಿಯ ಗಂಟೆ ಬಾರಿಸುತ್ತದೆ. ಆದರೆ ಬಲಿಪೂಜೆಗೆ ಕರೆಯುವುದಕ್ಕಲ್ಲ, ಶತ್ರು ಬಂದನೆಂದು ಎಚ್ಚರಿಸುವುದಕ್ಕೆ. ಹಗೆಗೆಂದೇ ದುಡಿಯುವ ಗಂಟೆಯ ಈ ವಿವರ, ದೇವಾಲಯವನ್ನು ಯುದ್ಧ ಏನು ಮಾಡುತ್ತದೆಂಬುದನ್ನು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಈ ಪುಟಗಳಲ್ಲಿ ದೈವಕೋಪದ ಮಾತು ತೆಳುವಾಗಿ, ಅದರ ಸ್ಥಾನಕ್ಕೆ ಒಂದು ಕಥೆ ಬರುತ್ತದೆ. ಒಬ್ಬ ಯಜಮಾನನ ಬಳಿ ಬಲಿಷ್ಠವಾದ ಕಾವಲು ನಾಯಿ ಇತ್ತು. ಅದು ತೋಳದೊಡನೆ ಒಳಗೊಳಗೇ ಸಖ್ಯ ಬೆಳೆಸಿತು. ತೋಳ ಕುರಿಯನ್ನು ಹೊತ್ತೊಯ್ಯುತ್ತದೆ. ನಾಯಿ ಬೊಗಳುತ್ತ ಅಟ್ಟಿಸಿಕೊಂಡು ಹೋಗುತ್ತದೆ. ಕಾಡಿನೊಳಗೆ ಇಬ್ಬರೂ ಕೂಡಿ ತಿನ್ನುತ್ತಾರೆ. ಮರಳಿ ಬಂದ ನಾಯಿಯನ್ನು ಯಜಮಾನ ಮೆಚ್ಚಿ ತಲೆ ಸವರುತ್ತಾನೆ. ನಾಯಿ ಯಾರು, ತೋಳ ಯಾರು ಎಂಬುದನ್ನು ಅಂದಿನ ಓದುಗನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಜೆಕಿಯೇಲನ 34ನೆಯ ಅಧ್ಯಾಯದ ಕುರುಬರ ಮೇಲಿನ ದೂಷಣೆಯನ್ನು ಬಲ್ಲ ನಮಗೆ ಇದು ಯಾವ ವಂಶದ ಮಾತೆಂಬುದು ಸ್ಪಷ್ಟ. ಇಲ್ಲಿ ವೆನೆತ್ ಕಾಲವೃತ್ತಾಂತಕಾರನ ಪೀಠದಿಂದಿಳಿದು ಪ್ರವಾದಿಯ ಮಾತನ್ನಾಡುತ್ತಾನೆ. ಸುಟ್ಟ ಹಳ್ಳಿಯನ್ನು ದೇವರ ಶಿಕ್ಷೆಯೆನ್ನುವುದು ಸುಟ್ಟವನಿಗೆ ಅನುಕೂಲವಾದ ದೈವಶಾಸ್ತ್ರವಾಗುತ್ತಿತ್ತು. ಅವನು ಆ ದಾರಿ ಹಿಡಿಯಲಿಲ್ಲ. 1358ರಲ್ಲಿ ರೈತರು ದಂಗೆಯೆದ್ದು ಕುಲೀನರ ಮನೆಗಳನ್ನು ಸುಟ್ಟಾಗ ಅದನ್ನೂ ಅವನು ಖಂಡಿಸಿದನು. ಅವರ ದೂರು ನ್ಯಾಯವಾದುದೆಂಬುದನ್ನು ಮಾತ್ರ ಅಳಿಸಲಿಲ್ಲ.

ಹಾಗಾದರೆ ಒಂದೇ ಕೃತಿಯೊಳಗೆ ಮೂರು ಬಗೆಯ ದೈವಶಾಸ್ತ್ರಗಳಿವೆ. ಕ್ಷಾಮಕ್ಕೆ ಭವಿಷ್ಯವಾಣಿ, ಮಾರಿಗೆ ದೈವಸಂಕಲ್ಪವೂ ಪ್ರಕೃತಿಯೂ, ಯುದ್ಧಕ್ಕೆ ಮನುಷ್ಯರ ಹೊಣೆ. ಅಸಂಗತವೆಂದು ಇದನ್ನು ತಳ್ಳಿಹಾಕಬಹುದು. ನಮಗೆ ಹಾಗೆ ತೋರುವುದಿಲ್ಲ. ದಾವೀದನ ವಿವೇಚನೆಯ ಜಾಡು ಇದರಲ್ಲಿದೆ. ದೂಷಿಸಲು ಮನುಷ್ಯನಿಲ್ಲದ ಕಡೆಯಲ್ಲಿ ಮನುಷ್ಯನನ್ನು ಹುಡುಕಬಾರದು. ಮನುಷ್ಯನಿರುವ ಕಡೆಯಲ್ಲಿ ದೇವರ ಹಿಂದೆ ಅವನನ್ನು ಬಚ್ಚಿಡಬಾರದು. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿಯೂ ಎರಡು ಬಗೆಯ ಸಾವುಗಳು ಪಕ್ಕಪಕ್ಕದಲ್ಲಿವೆ: ಪಿಲಾತನ ಕತ್ತಿಗೆ ಬಲಿಯಾದ ಗಲಿಲೇಯರದು, ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯದು. ಎರಡರಲ್ಲಿಯೂ ಸತ್ತವರು ಹೆಚ್ಚು ಪಾಪಿಗಳೆಂಬ ಲೆಕ್ಕಾಚಾರವನ್ನು ಯೇಸು ನಿರಾಕರಿಸುತ್ತಾರೆ. ಪಶ್ಚಾತ್ತಾಪದ ಕರೆಯನ್ನು ಕೇಳುತ್ತಿರುವವರಿಗೇ ಕೊಡುತ್ತಾರೆ. ವೆನೆತ್‌ನ ಕೊರತೆ ಇರುವುದು ಇಲ್ಲಿ. ಮಾರಿ ಕಳೆದ ಮೇಲೆ ಜಗತ್ತು ಹೊಸದಾಗಬೇಕಿತ್ತು, ಆದರೆ ಜನ ಇನ್ನಷ್ಟು ಲೋಭಿಗಳಾದರು, ವ್ಯಾಜ್ಯಗಳು ಹೆಚ್ಚಿದವು, ಪ್ರೀತಿ ತಣ್ಣಗಾಯಿತು, ಹಳ್ಳಿಯ ಮಕ್ಕಳಿಗೆ ವ್ಯಾಕರಣ ಕಲಿಸುವವರೂ ಸಿಗದಾದರು ಎಂದು ಅವನು ಮರುಗುತ್ತಾನೆ. ಮಾರಿಯನ್ನು ಪಾಠವೆಂದು ಭಾವಿಸಿದವನಿಗೆ ಪಾಠ ವ್ಯರ್ಥವಾದಾಗ ಆಗುವ ನಿರಾಶೆ ಅದು. ತನ್ನ ಸಭೆಯ ಕಡೆಗೆ, ಮೂಕವಾಗಿ ನೋಡಿದ ತನ್ನ ಕಣ್ಣುಗಳ ಕಡೆಗೆ ಅವನು ಆ ಕರೆಯನ್ನು ತಿರುಗಿಸಲಿಲ್ಲ.

ಪಾಠವೆಂದು ಬಗೆಯದೆ ಪಾಲನೆಯ ಕೆಲಸವೆಂದು ವಿಪತ್ತನ್ನು ಎದುರಿಸಿದ ಬರಹಕ್ಕೆ ಅದೇ ಕಾಲದ ಇನ್ನೊಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ರಾಲ್ಫ್ ಆಫ್ ಶ್ರೂಸ್‌ಬರಿಯವರು 1349ರ ಜನವರಿಯಲ್ಲಿ ತಮ್ಮ ಗುರುಗಳಿಗೆ ಪತ್ರ ಬರೆದರು. ಅನೇಕ ಧರ್ಮಕೇಂದ್ರಗಳಲ್ಲಿ ಗುರುಗಳಿಲ್ಲ, ಹೋಗಲು ಒಪ್ಪುವವರೂ ಇಲ್ಲವೆಂಬುದನ್ನು ಮರೆಮಾಚದೆ ಹೇಳಿ, ಗುರು ಸಿಗದಿದ್ದರೆ ಸಾಯುವವರು ತಮ್ಮ ಪಾಪಗಳನ್ನು ಶ್ರೀಸಾಮಾನ್ಯನಿಗೆ, ಪುರುಷನಿಲ್ಲದಿದ್ದರೆ ಸ್ತ್ರೀಗೂ ನಿವೇದಿಸಬಹುದೆಂದು ಜನರಿಗೆ ತಿಳಿಸುವಂತೆ ಆಜ್ಞಾಪಿಸಿದರು. ಕೇಳಿದವರು ಗುಟ್ಟನ್ನು ಕಾಪಾಡಬೇಕು. ಪರಮಪ್ರಸಾದವನ್ನು ಸೇವಾದರ್ಶಿಯು ಕೊಡಬಹುದು. ಅಂತ್ಯಾಭ್ಯಂಗನಕ್ಕೆ ಯಾರೂ ಇಲ್ಲದಿದ್ದರೆ ವಿಶ್ವಾಸವೇ ಸಾಕು. ಶ್ರೀಸಾಮಾನ್ಯನು ಪಾಪವಿಮೋಚನೆ ನೀಡಬಲ್ಲನೆಂದು ಆ ಪತ್ರ ಹೇಳುವುದಿಲ್ಲ. ಸಂಕಟದ ಹೊತ್ತಿನಲ್ಲಿ ಇಂಥ ನಿವೇದನೆಯನ್ನು ಸಂತ ತೋಮಾಸ್ ಅಕ್ವಿನಾಸರೂ ಒಪ್ಪಿದ್ದರು. ಪತ್ರದಲ್ಲಿ ದೈವಶಾಸ್ತ್ರ ಹೊಸದಲ್ಲ, ಧೈರ್ಯ ಹೊಸದು. 2020ರ ಮಾರ್ಚ್ 20ರಂದು ರೋಮಿನ ಪ್ರೇಷಿತ ಪಶ್ಚಾತ್ತಾಪ ಪೀಠವು ಕೋವಿಡ್ ಕಾಲದ ಪಾಪನಿವೇದನೆಯನ್ನು ಕುರಿತು ಹೊರಡಿಸಿದ ಟಿಪ್ಪಣಿ, ಸಂಸ್ಕಾರ ಪಡೆಯಲಾಗದವರಿಗೆ ಪರಿಪೂರ್ಣ ಪಶ್ಚಾತ್ತಾಪದ ದಾರಿಯನ್ನು ನೆನಪಿಸಿದಾಗ ಇದೇ ನೆಲದ ಮೇಲೆ ನಿಂತಿತ್ತು. ರಾಲ್ಫರು ಆ ಚಳಿಗಾಲವನ್ನು ವೈವೆಲಿಸ್ಕೋಂಬ್ ಎಂಬ ತಮ್ಮ ಹಳ್ಳಿಯ ನಿವಾಸದಲ್ಲಿಯೇ ಕಳೆದರೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸುಳ್ಳಲ್ಲ. ಆದರೆ ಆ ತಿಂಗಳುಗಳಲ್ಲಿ ಗುರುಗಳಾಗಲು, ಖಾಲಿಯಾದ ಧರ್ಮಕೇಂದ್ರಗಳಿಗೆ ನೇಮಕ ಪಡೆಯಲು ಬಂದವರ ಸಾಲು ಅವರ ಬಾಗಿಲಿಗೆ ತಪ್ಪದೆ ಬರುತ್ತಿತ್ತೆಂದು ಅವರ ದಫ್ತರವೇ ಹೇಳುತ್ತದೆ.

ವೆನೆತ್‌ನ ಗ್ರಂಥವನ್ನು ತರಗತಿಯಲ್ಲಿ ಓದಿಸುವಾಗ ನಾವು ಕಡೆಗೆ ಲೋಂಗೆಯ್ ಹಳ್ಳಿಯ ಪ್ರಕರಣವನ್ನು ಇಡುತ್ತೇವೆ. 1359ರಲ್ಲಿ ಅಲ್ಲಿನ ರೈತರು ಮಠದ ಒಂದು ಗಟ್ಟಿಮನೆಯಲ್ಲಿ ಸೇರಿ, ಗಿಯೋಮ್ ಲಾಲೂ ಎಂಬವನನ್ನು ನಾಯಕನನ್ನಾಗಿ ಮಾಡಿಕೊಂಡು ಇಂಗ್ಲಿಷ್ ಸೈನಿಕರನ್ನು ತಡೆದರು. ನಾಯಕ ಸತ್ತ ಮೇಲೆ ಅವನ ಆಳು, ದೈತ್ಯಕಾಯದ ಗ್ರಾನ್ ಫೆರೆ, ಕೊಡಲಿ ಹಿಡಿದು ಹೊಡೆದಾಡಿದ. ಕಾರ್ಮೆಲ್ ಮಠವಾಸಿಯ ಲೇಖನಿ ಇಲ್ಲಿ ಕುಣಿಯುತ್ತದೆ. ಬಿದ್ದ ತಲೆಗಳ ಲೆಕ್ಕ ಕೊಡುವ ಅವನ ಉತ್ಸಾಹ ನಮಗೆ ಹಿತವಾಗುವುದಿಲ್ಲ, ಹಾಗಾಗಬೇಕೆಂದೂ ಇಲ್ಲ. ಫೆರೆಯನ್ನು ಶತ್ರುಗಳು ಕೊಲ್ಲಲಿಲ್ಲ. ಹೋರಾಡಿ ಬೆವರಿದವನು ತಣ್ಣೀರನ್ನು ಅತಿಯಾಗಿ ಕುಡಿದು ಜ್ವರ ಹಿಡಿದು ಮಲಗಿದ, ಸಂಸ್ಕಾರಗಳನ್ನು ಸ್ವೀಕರಿಸಿ ಸತ್ತ, ಹಳ್ಳಿಯೆಲ್ಲ ಅಳುತ್ತ ಅವನನ್ನು ಹೂಳಿತು. ಸಂಸ್ಕಾರಗಳನ್ನು ಸ್ವೀಕರಿಸಿದನೆಂದರೆ, ಮುತ್ತಿಗೆಯ ಭಯದಲ್ಲಿದ್ದ ಆ ಹಳ್ಳಿಗೆ ಒಬ್ಬ ಗುರು ಬಂದಿದ್ದನು, ಇಲ್ಲವೆ ಅಲ್ಲಿಯೇ ಉಳಿದಿದ್ದನು. ಅಳ್ಳೆದೆಯವರನ್ನು ಮರೆಯದೆ ಬರೆದಿಟ್ಟ ಕಾಲವೃತ್ತಾಂತಕಾರನು ಇವನ ಹೆಸರನ್ನು ಬರೆಯಲಿಲ್ಲ.